ಹೊಂಗೆ ಸೊಪ್ಪು ಕಟ್ಟಿದ ಮಡು

ಬೆಳಿಗ್ಗೆ ಆರೂಮುಕ್ಕಾಲು. ಗುಂಡ್ಲುಪೇಟೆಯ ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿದಾಗಲೆಲ್ಲ ನನಗೆ ಆ ಹೊತ್ತೇ ನೆನಪಾಗುತ್ತದೆ. ಮೀನಮ್ಮ ಕಣ್ಣೆದುರು ನಿಲ್ಲುತ್ತಾಳೆ...

ಚಂದಕವಾಡಿಯ ಆಚೆ, ಹೊಳೆಯ ಚೆಕ್ ಡ್ಯಾಮಿನ ಪಕ್ಕ ಮೀನು ಹತ್ತಲೆಂದು ಸಿಮೆಂಟಿನ ಮೆಟ್ಟಿಲು ಕಟ್ಟಿದ್ದರು. ಮಳೆಗಾಲದ ಹೊಸ ನೀರಿಗೆ ಮೊಟ್ಟೆಯಿಡಲು ಬರುವ ಗೆಂಡೆ ಮೀನುಗಳು ಅದನ್ನು ಹತ್ತುತ್ತವೆಯೇ ಎಂದು ನೋಡುವುದು ನನ್ನ ಕೆಲಸ. ಕೆಳಗಿನ ಮಡುವಿನಲ್ಲಿ ಮೀನು ಹಿಡಿದು ಹರದನಹಳ್ಳಿಯಲ್ಲಿ ಮಾರುತ್ತಿದ್ದ ಮೀನಮ್ಮನಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನಾನೇನಾದರೂ ಮೀನುಗಾರಿಕೆ ಇಲಾಖೆಗೆ ಬರೆದುಕೊಟ್ಟರೆ ಬಲೆ ಹಾಕುವುದನ್ನೇ ನಿಲ್ಲಿಸುತ್ತಾರೆಂಬ ಭಯ. ಮೀನಿಗೆ ಹೆರಿಗೆ ಮಾಡಿಸಲು ಬಂದ ಸೂಲಗಿತ್ತಿ ಎಂದು ದಡದವರೆಲ್ಲ ಕೇಳುವಂತೆ ಹಂಗಿಸುತ್ತಿದ್ದಳು.

ಅಲ್ಲೊಂದು ಕಟ್ಟಳೆಯಿತ್ತು. ಹೊಸ ನೀರು ಬಂದಾಗ ದಡದಲ್ಲಿ ಮೊದಲು ಹೊಂಗೆ ಸೊಪ್ಪು ಕಟ್ಟಿದವರದೇ ಮಡು. ಆ ಸಲ ಕಟ್ಟಿದ್ದವಳು ಆಕೆ. ಮೊಟ್ಟೆ ಮೀನು ಹತ್ತಿ ಹೋಗುವವರೆಗೆ ಆಕೆ ನೀರಿಗೆ ಬಲೆ ಇಳಿಸುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಮೆಟ್ಟಿಲ ತುಂಬ ಯಾರೋ ಕಲ್ಲು ಮುಳ್ಳು ತುರುಕಿದ್ದರು. ದಾರಿ ಕಾಣದ ಗೆಂಡೆಗಳು ಮಡುವಿನಲ್ಲೇ ಒತ್ತರಿಸಿಕೊಂಡಿದ್ದವು. ನಾನು ಮುಳ್ಳು ಎಳೆಯುತ್ತಿದ್ದಾಗ ಆಕೆಯ ಮೈದುನ ಇನ್ನಿಬ್ಬರೊಂದಿಗೆ ಬ್ಲೀಚಿಂಗ್ ಪೌಡರ್ ಚೀಲ ಹೊತ್ತು ಇಳಿದು ಬಂದ. ಅದನ್ನು ಸುರಿದರೆ ಮಡುವಿನ ಮೀನೆಲ್ಲ ಸತ್ತು ತೇಲುತ್ತದೆ, ಬಾಚಿಕೊಂಡು ಹೋಗಬಹುದು. ನನ್ನ ಫೋನ್ ಕಿತ್ತು ಹೊಳೆಗೆಸೆದ. ಅವನ ಕೈಯಲ್ಲಿ ಮಚ್ಚಿತ್ತು. ನಾನು ಮುಳ್ಳು ಬಿಟ್ಟು ಹಿಂದೆ ಸರಿದೆ.

ಮೀನಮ್ಮ ಎಲ್ಲಿಂದ ಬಂದಳೋ, ಸೊಂಟದುದ್ದ ನೀರಿಗಿಳಿದು ಅಡ್ಡ ನಿಂತಳು.

"ಸೊಪ್ಪು ಕಾಣಾಕಿಲ್ವ? ಮಡು ನಂದು ಕಣ್ಲಾ. ಓಗು."

"ಸೊಪ್ಪ ನಿನ್ ಮೇಕೆಗಾಕೋಗು," ಎಂದು ನಕ್ಕವನು ಚೀಲದ ಬಾಯಿ ಬಿಚ್ಚಿ ಒಂದಿಷ್ಟು ಪುಡಿಯನ್ನು ಆಕೆಯ ಮುಖಕ್ಕೇ ಕೊಡವಿದ.

ಆಕೆ ನೀರಲ್ಲಿ ಮುಳುಗಿದಳು, ಎದ್ದಳು, ಕಣ್ಣು ಮುಚ್ಚಿಕೊಂಡೇ ಮತ್ತೆ ಅದೇ ಜಾಗದಲ್ಲಿ ನಿಂತಳು. ರಸ್ತೆಯಲ್ಲಿ ಟೊಮೆಟೊ ಗಾಡಿ ನಿಲ್ಲಿಸಿ ಜನ ಓಡಿ ಬಂದಾಗಲೇ ಅವರು ಚೀಲವನ್ನು ದಡದಲ್ಲೇ ಬಿಟ್ಟು ಕಾಲ್ಕಿತ್ತಿದ್ದು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕೆಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ನನ್ನ ದನಿ ಕೇಳಿ ಮುಖ ತಿರುಗಿಸಿದಳು.

"ನಿನಗೋಸ್ಕರ ನಿಂತ್ಕಂಡಿಲ್ಲ ಕಣಮ್ಮಿ," ಎಂದಳು. ಮತ್ತೆ ನನ್ನತ್ತ ತಿರುಗಿ, "ಹತ್ತಿದ್ವಾ?"

ಮುಳ್ಳು ತೆಗೆದ ಮೇಲೆ ಹತ್ತಿದವು ಎಂದೆ.

"ನಾ ಇನ್ನ ಯಾರ ಗುರ್ತೂ ಇಡಿಯಾಕಾಗಲ್ಲ. ಕೋರ್ಟಲ್ಲಿ ನೀನೇ ಗುರ್ತು ಇಡಿ. ಇಲ್ಲಿಗೆ ಮಾತ್ರ ಬರಬ್ಯಾಡ."

ಕೇಸು ಎಳೆಯಿತು. ರಾತ್ರಿ ಕಣ್ಣು ಮುಚ್ಚಿದರೆ ಮಚ್ಚು, ನೀರು, ಆ ಬಿಳಿ ಪುಡಿ... ನನ್ನನ್ನು ಸಾಕ್ಷಿಗೆ ಕರೆಯುವಷ್ಟರಲ್ಲಿ ಆಕೆ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಕಟಕಟೆಯಲ್ಲಿ ಆಕೆಯ ಮೈದುನ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ನಾನು ಬೆರಳು ತೋರಿಸಿದೆ.

ಅಂದು ಮನೆಗೆ ಬಂದು ಮಲಗಿದವಳಿಗೆ ಬೆಳಕು ಹರಿಯುವವರೆಗೆ ಒಮ್ಮೆಯೂ ಎಚ್ಚರವಾಗಲಿಲ್ಲ. ಎದ್ದಾಗ ಆಕೆಗೆ ಹೋಗಿ ಹೇಳಬೇಕೆನಿಸಿತು. ಹೋಗಿದ್ದರೆ ಯಾಕೆ ಬಂದೆ ಎಂದು ಬಯ್ಯುತ್ತಿದ್ದಳು. ಬಯ್ಯುವುದಕ್ಕೂ ಈಗ ಆಕೆ ಇಲ್ಲ.