ಗಾಳ ಕಟ್ಟಿದವರ ಪಾಲು

ನಮ್ಮ ಮನೆಯಲ್ಲಿ ಮೀನಿನ ತಲೆ ಸಲ್ಲುವುದು ಮೀನು ಹಿಡಿದವರಿಗಲ್ಲ, ಗಾಳ ಕಟ್ಟಿದವರಿಗೆ. ಇದು ಅಬ್ಬಾ ಮಾಡಿದ ಕಾಯಿದೆ. ಗಾಳ ಕಟ್ಟುವವರು ಅವರೊಬ್ಬರೇ ಆದ್ದರಿಂದ ನನಗೆ ಬುದ್ಧಿ ಬಂದಾಗಿನಿಂದ ತಲೆ ಅವರ ತಟ್ಟೆಗೇ ಬೀಳುತ್ತಿತ್ತು. ಕಾಯಿದೆ ಮಾಡುವವರು ತಮ್ಮ ಹೊಟ್ಟೆ ನೋಡಿಕೊಂಡೇ ಮಾಡುತ್ತಾರೆ ಎಂದು ಅಮ್ಮಿ ಗೊಣಗುತ್ತಿದ್ದಳು.

ಅಬ್ಬಾ ರಾಣೆಬೆನ್ನೂರಿನಲ್ಲಿ ದರ್ಜಿ. ಅವರ ಗಾಳಕ್ಕೆ ಎರೆಹುಳ ಬೇಡ, ಹಿಟ್ಟಿನ ಉಂಡೆಯೂ ಬೇಡ. ಕೊಕ್ಕೆಗೆ ಹುಂಜದ ಕುತ್ತಿಗೆಯ ಗರಿ ಸುತ್ತಿ, ರೇಷ್ಮೆ ದಾರದಿಂದ ಬಿಗಿದು, ನೀರಿನ ಮೇಲೆ ಕೂತ ಹುಳದ ಹಾಗೆ ಮಾಡುತ್ತಿದ್ದರು. ಉದ್ದ ಬಿದಿರಿನ ಕೋಲು, ಅದರ ತುದಿಗೆ ದಾರ, ದಾರದ ತುದಿಗೆ ಆ ಹುಳ, ಅಷ್ಟೇ. ಮನೆಯಲ್ಲಿ ನಾವು ಉರ್ದು ಆಡುವವರು, ಆದರೆ ಗಾಳದ ಮಾತು ಬಂದರೆ ಅಬ್ಬಾ ಕನ್ನಡಕ್ಕೆ ಹೊರಳುತ್ತಾರೆ. ತುಂಗಭದ್ರೆಯ ದಂಡೆಯವರಿಂದ ಕನ್ನಡದಲ್ಲಿ ಕಲಿತ ವಿದ್ಯೆಗೆ ಬೇರೆ ಭಾಷೆ ಒಗ್ಗುವುದಿಲ್ಲವಂತೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಬೆರಳು ನಡುಗತೊಡಗಿದವು. ಹೊಲಿಗೆ ಬಿಟ್ಟರು, ಅದಕ್ಕೆ ಅಷ್ಟೇನೂ ಬೇಸರಪಡಲಿಲ್ಲ. ಚಳಿ ಶುರುವಾಯಿತು, ಹೊಳೆ ತಿಳಿಯಾಯಿತು. ಪ್ರತಿ ವರ್ಷ ಕೋಲಿಗೆ ಎಣ್ಣೆ ಸವರುತ್ತಿದ್ದ ದಿನಗಳಲ್ಲಿ ಅಬ್ಬಾ ಗಾಳ ಕಟ್ಟಲಾಗದೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನನಗೆ ಸಿಟ್ಟು ಬಂತು. ನನಗೆ ದುಃಖವೂ ಸಿಟ್ಟಾಗಿಯೇ ಬರುವುದು.

"ನಾ ಕಟ್ಟತೇನಿ" ಎಂದೆ.

"ಬ್ಯಾರೇದವರು ಕಟ್ಟಿದ ಗಾಳ ನಾ ಯಾವತ್ತೂ ಎಸದಿಲ್ಲ."

"ನಾ ಬ್ಯಾರೇದಾಕಿ ಏನು?"

ಅಬ್ಬಾ ಹೊದಿಕೆಯನ್ನು ಕಿವಿಯ ತನಕ ಎಳೆದುಕೊಂಡರು.

ನಾನು ಬ್ಯಾಡಗಿಯ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ಆರಿಸುವವಳು. ಕಣ್ಣು ಮುಚ್ಚಿ ಬೆರಳಿನಲ್ಲಿ ಒತ್ತಿ, ಕಾಯಿ ಎಷ್ಟು ಒಣಗಿದೆ ಎಂದು ಹೇಳಬಲ್ಲೆ. ನನ್ನ ಬೆರಳುಗಳ ಬಗ್ಗೆ ನನಗೆ ಜಂಬವಿದೆ, ಇಲ್ಲ ಎಂದರೆ ಸುಳ್ಳಾದೀತು. ಸಂಜೆ ರಾಣೆಬೆನ್ನೂರಿಗೆ ಮರಳುವ ರೈಲಿನಲ್ಲಿ ಕೂತು ಗರಿ ಸುತ್ತತೊಡಗಿದೆ. ಮೊದಲನೆಯದನ್ನು ನೋಡಿ ಅಬ್ಬಾ, "ಇದು ಮೀನಿಗೋ, ಮದಿಮಗಳ ಜಡಿಗೋ?" ಎಂದರು. ಎರಡನೆಯದನ್ನು ಬಿಚ್ಚಿಸಿದರು, ಮೂರನೆಯದನ್ನೂ ಬಿಚ್ಚಿಸಿದರು. "ಥಂಡ್ಯಾಗ ಹುಳ ಸಣ್ಣೂ ಇರತಾವು, ಮಾಸಿದ ಬಣ್ಣದ್ವು. ಗರಿ ಕಡಿಮಿ ಮಾಡು." ಎಸೆಯುವುದಿಲ್ಲ ಎಂದವರು ಎದ್ದು ಕೂತು ಪಾಠ ಹೇಳುತ್ತಿದ್ದರು. ನಾನು ನಕ್ಕಿದ್ದರೆ ಮತ್ತೆ ಮಲಗುತ್ತಿದ್ದರು, ಅದಕ್ಕೇ ನಗಲಿಲ್ಲ.

ಭಾನುವಾರ ಅವರಿಗೆ ಮಂಕಿ ಟೋಪಿ ಹಾಕಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊಳೆಗೆ ಹೋದೆ. ಚಳಿಗಾಲದಲ್ಲಿ ಬಿಸಿಲು ನೀರಿಗೆ ಇಳಿಯುವ ತನಕ ಮೀನು ಮೇಲೆ ಬರುವುದಿಲ್ಲ, ಕಾದೆವು. ಆಮೇಲೆ ಅಬ್ಬಾ ನನ್ನ ಗಾಳ ಎಸೆದರು. ಅವರ ಕೈಯ ನಡುಕ ಕೋಲಿಗಿಳಿದು, ದಾರಕ್ಕಿಳಿದು, ನೀರಿನ ಮೇಲಿನ ಗರಿ ಜೀವವಿದ್ದ ಹುಳದಂತೆ ಅಲುಗಿತು. ಒಂದು ಗೆಂಡೆ ಮೀನು ಎದ್ದು ಬಾಯಿ ಹಾಕಿತು. ಹಾಕಿದ್ದೇ ಉಗುಳಿತು. ಮತ್ತೊಂದು ಬಂದು ಅದೂ ಉಗುಳಿತು. ಐದಾರು ಸಲ ಹೀಗೇ ಆದ ಮೇಲೆ ಅಬ್ಬಾ ದಾರ ಎಳೆದುಕೊಂಡು, ಗರಿಯನ್ನು ತಿರುಗಿಸಿ ನೋಡಿ, ನಾಲಿಗೆಗೆ ಮುಟ್ಟಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೇಟಾ, ಮೀನ ಹಿಡಿಯೂ ಮೊದಲ ಅದಕ್ಕ ಖಾರ ಹಚ್ಚೀದಿ."

ದಿನವಿಡೀ ಮೆಣಸಿನಕಾಯಿ ಮುಟ್ಟಿದ ಕೈಯಿಂದಲೇ ರೈಲಿನಲ್ಲಿ ಗಾಳ ಕಟ್ಟಿದ್ದೆ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುವವಳು ನಾನು. ಮೀನಿಗೆ ಹೇಳಿದವರಿರಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆವು. ನಾಚಿಕೆಯಿಂದ ತಲೆ ತಗ್ಗಿಸಿದ್ದೆ, ಆದರೆ ಅಬ್ಬಾ ಆ ದಿನ ಗೋಡೆಗೆ ಮುಖ ಮಾಡಲಿಲ್ಲ. ಅಂಗಡಿಗೆ ಹೋಗುವ ಮೊದಲೇ ಕಟ್ಟಬಾರದೇ ಎಂದಷ್ಟೇ ಕೇಳಿದರು.

ಆ ವಾರ ಬೆಳಗ್ಗೆ ಬೇಗ ಎದ್ದೆ. ಕೈಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ ತೊಳೆದು, ಬೆರಳನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಆಮೇಲೆ ದಾರ ಹಿಡಿದೆ. ಆರು ದಿನಕ್ಕೆ ಒಂದೇ ಗಾಳ. ಶನಿವಾರ ಅದನ್ನು ಬೆಳಕಿಗೆ ಹಿಡಿದು ನೋಡಿದ ಅಬ್ಬಾ ಏನೂ ಬಿಚ್ಚಿಸಲಿಲ್ಲ. ಅವರ ಬಾಯಿಂದ ಶಹಭಾಸ್ ಬರುವುದಿಲ್ಲ, ಬಿಚ್ಚಿಸದಿದ್ದರೆ ಅದೇ ಶಹಭಾಸ್.

ಮಾರನೆಯ ದಿನ ಎರಡನೇ ಎಸೆತಕ್ಕೇ ಕೋಲು ಬಾಗಿತು. ಸಹಾಯಕ್ಕೆ ಹೋದ ನನ್ನನ್ನು ಮೊಣಕೈಯಿಂದ ದೂಡಿ, ನಡುಗುವ ಕೈಯಲ್ಲೇ ಗೆಂಡೆಯನ್ನು ದಂಡೆಗೆ ತಂದರು. ದೊಡ್ಡದೇನಲ್ಲ, ಗೇಣುದ್ದದ್ದು. ನನಗೆ ಮಾತ್ರ ಇಡೀ ಹೊಳೆಯನ್ನೇ ಗೆದ್ದಷ್ಟು ಹೆಮ್ಮೆಯಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮಿ ರೂಢಿಯಂತೆ ತಲೆಯನ್ನು ಅಬ್ಬಾನ ತಟ್ಟೆಗೆ ಹಾಕಿದಳು. ಅವರು ಅದನ್ನು ಎತ್ತಿದರು. ಸಾರು ತೊಟ್ಟಿಕ್ಕಿತು. ಅದನ್ನು ನನ್ನ ತಟ್ಟೆಯಲ್ಲಿಟ್ಟರು.

"ಕಾಯ್ದೆ ಅಂದ್ರ ಕಾಯ್ದೆ" ಎಂದರು.

ಎರಡು ತುತ್ತಿಗೆ ನನ್ನ ಕಣ್ಣು ತುಂಬಿತು. ಖಾರ ಹತ್ತಿತೇ ಎಂದು ಅಮ್ಮಿ ಕೇಳಿದಳು. ಹೂಂ ಎಂದೆ. ಸಾರಿಗೆ ಹಾಕಿದ ಮೆಣಸಿನಕಾಯಿ ನಾನೇ ಬ್ಯಾಡಗಿಯಿಂದ ಆರಿಸಿ ತಂದದ್ದು. ಅದರಲ್ಲಿ ಅಷ್ಟು ಖಾರವಿಲ್ಲವೆಂದು ಮೂವರಿಗೂ ಗೊತ್ತಿತ್ತು.