ಹಗೇವಿನಲ್ಲಿ ಸಿಕ್ಕ ಪ್ರಾಚೀನ ಪ್ರಾಣಿ

ಕೃಷ್ಣರಾಜನಗರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟರಾಗಿದ್ದಾಗ ನನಗೆ ಇಪ್ಪತ್ತಮೂರು ವರ್ಷ. ಹೊಸ ಮದುವೆ, ಹೊಸ ಕೋಟು, ಲೋಕದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂಬ ಧಿಮಾಕು. ಇಲ್ಲದ್ದು ಒಂದೇ, ಕೆಲಸ ಕಾಯಂ ಆಗಿರಲಿಲ್ಲ. ಹೆಗ್ಗಡದೇವನಕೋಟೆ ಕಡೆ ಕಾಡಂಚಿನ ಶಾಲೆಯೊಂದಕ್ಕೆ ಚಳಿಜ್ವರದ ಭಯದಿಂದ ಯಾರೂ ಹೋಗುತ್ತಿರಲಿಲ್ಲ. ಕಾಯಂ ಆಗದವರನ್ನು ಹಿಡಿದು ಅಲ್ಲಿಗೆ ಹಾಕುತ್ತಾರೆಂದು ಸುದ್ದಿಯಿತ್ತು. ನನ್ನ ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು: "ಕೋಟೆಗೆ ಹಾಕಿದ್ರೆ ನೀವೊಬ್ರೇ ಹೋಗಿ. ನಾನು ನಮ್ಮವ್ವನ ಮನೇಲಿರ್ತೀನಿ."

ದಾರಿ ತೋರಿಸಿದವರು ನಮ್ಮ ಹೆಡ್‌ಮಾಸ್ಟರು. ಬರಲಿರುವ ಇನ್‌ಸ್ಪೆಕ್ಟರಿಗೆ ವಸ್ತುಸಂಗ್ರಹಾಲಯದ ಹುಚ್ಚು, ಒಂದು ಕೋಣೆಯಲ್ಲಿ ಹಳೇ ಪ್ರಾಣಿಗಳ ಪ್ರದರ್ಶನ ಇಟ್ಟರೆ ಕಾಯಂ ಆರ್ಡರು ಕೈಗೆ ಬಂದ ಹಾಗೇ ಅಂದರು. ನಾನು ನಕ್ಷೆಗಳ ಕೋಣೆಯನ್ನು ಗುಡಿಸಿ, ಮೂರು ಬೋರ್ಡು ಬರೆಸಿದೆ: ಅತಿ ಪ್ರಾಚೀನ ಪ್ರಾಣಿಗಳು, ಅಳಿದುಹೋದ ಪ್ರಾಣಿಗಳು, ಅಳಿಯುತ್ತಿರುವ ಪ್ರಾಣಿಗಳು. ಹೆಡ್‌ಮಾಸ್ಟರು ಮೂರನೆಯ ಬೋರ್ಡನ್ನು ನೋಡಿ, "ಇದರ ಕೆಳಗೆ ನೀವೇ ಒಂದು ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ರಿ ಮೇಷ್ಟ್ರೇ" ಎಂದರು.

ಮೂರನೆಯದಕ್ಕೆ ಪಿರಿಯಾಪಟ್ಟಣದ ಸ್ನೇಹಿತರೊಬ್ಬರು ಚಿಪ್ಪುಹಂದಿಯ ಚಿಪ್ಪು ಕಳಿಸಿದರು. ಎರಡನೆಯದಕ್ಕೆ ಪತ್ರಿಕೆಯಿಂದ ಚೀತಾದ ಚಿತ್ರ ಕತ್ತರಿಸಿ ಅಂಟಿಸಿದೆ. ಅದು ನಮ್ಮ ದೇಶದಲ್ಲಿ ಮುಗಿದೇ ಹೋಯಿತೆಂದು ಆಗ ಬರೆಯುತ್ತಿದ್ದರು. ಅತಿ ಪ್ರಾಚೀನದ ಕೆಳಗೆ ಮಾತ್ರ ಖಾಲಿ ಮೇಜು. ಹುಣಸೂರಿನ ಗೆಳೆಯನೊಬ್ಬ ಕಳಿಸಿದ್ದ 'ರಾಕ್ಷಸ ಹಲ್ಲಿಯ ಹಲ್ಲು' ಕುದುರೆಯ ಹಲ್ಲೆಂದು ಜಟಕಾ ಸಾಬರು ಬಾಗಿಲಲ್ಲೇ ಹೇಳಿ ಹೋದರು.

ಆಗ ಚುಂಚನಕಟ್ಟೆ ಕಡೆಯ ರೈತರೊಬ್ಬರು ಬಂದರು. ರಾಗಿ ತುಂಬಿಡಲು ಹೊಲದ ದಿಬ್ಬದಲ್ಲಿ ಹಗೇವು ತೋಡುತ್ತಿದ್ದರಂತೆ, ಹಾರೆಗೆ ಮೂಳೆ ತಗುಲಿತಂತೆ. "ಕಂಬ ಇದ್ದಂಗದೆ ಕಣ್ರೀ. ಹಗೇವು ಮುಚ್ಚಾಕಾಗಲ್ಲ, ತೆಗೆಯಾಕೆ ಭಯ. ನೀವು ಓದ್ದೋರು, ಬಂದು ನೋಡಿ" ಎಂದರು. ಆ ಹೊಲ ಅವರ ಕೈಗೆ ಬಂದು ಎರಡೇ ವರ್ಷವಾಗಿತ್ತು. ಹಿಂದೆ ಯಾರದೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಗುಂಡಿಗೆ ಇಳಿದು ನೋಡಿದೆ. ನನ್ನ ಸೊಂಟದೆತ್ತರದ ತೊಡೆಮೂಳೆ, ಒಂದು ತುದಿಯಲ್ಲಿ ದೊಡ್ಡ ಗಂಟು. ಸುತ್ತ ಬಿಳಿಯ ಪುಡಿಯ ಪದರ. ಸುಣ್ಣದ ಪದರದಲ್ಲಿ ಪುರಾತನ ಮೂಳೆಗಳು ಸಿಗುತ್ತವೆಂದು ಪುಸ್ತಕದಲ್ಲಿ ಓದಿದ್ದೆನಲ್ಲ! ಮೂಳೆಯನ್ನು ಹುಲ್ಲು ಹಾಸಿದ ಎತ್ತಿನಗಾಡಿಯಲ್ಲಿ ಮಲಗಿಸಿ, ಬಿಳಿಪುಡಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು, ದಿಬ್ಬಣದ ಹಾಗೆ ಊರಿಗೆ ತಂದೆ.

ಚೀಟಿ ಬರೆಯಲು ಎರಡು ದಿನ ಹಿಡಿಯಿತು. 'ಅತಿ ಪ್ರಾಚೀನ ಮಹಾಗಜ. ಇದನ್ನು ಕಂಡ ಮನುಷ್ಯರು ಈಗ ಯಾರೂ ಇಲ್ಲ. ಮೂಳೆಯ ಗಂಟು, ಹಿಂಸ್ರಮೃಗದೊಡನೆ ನಡೆದ ಘೋರ ಯುದ್ಧದ ಗುರುತು.' ಬಿಳಿಪುಡಿಗೆ ಗಾಜಿನ ತಟ್ಟೆ, 'ಪುರಾತನ ಸುಣ್ಣದ ಪದರ' ಎಂಬ ಬೇರೆ ಚೀಟಿ.

ಇನ್‌ಸ್ಪೆಕ್ಟರು ಬಂದ ದಿನ ಸಂತೆ. ಸಂತೆಗೆ ಬಂದವರೆಲ್ಲ ಕೋಣೆಗೆ ನುಗ್ಗಿದ್ದರು. ಸಾಹೇಬರು ಮೂಳೆಯನ್ನು ಸವರಿ ನೋಡಿ ಮೈಮರೆತರು. "ಇದು ಮೈಸೂರಿಗೆ ಹೋಗಬೇಕಾದ ವಸ್ತು ಕಣ್ರೀ. ನಿಮ್ಮ ಕಾಯಂ ಕಾಗದ ಎಲ್ಲಿ, ತನ್ನಿ" ಎಂದು ಪೆನ್ನು ತೆಗೆದರು. ನಾನು ಕಾಗದ ಹರಡಿದೆ.

ಅಷ್ಟರಲ್ಲಿ ಜನರ ಮಧ್ಯದಿಂದ ಒಬ್ಬ ಮುದುಕಿ ಮೇಜಿನ ಬಳಿ ಬಂದರು. ಗಾಜಿನ ತಟ್ಟೆಗೆ ಕೈ ಹಾಕಿ, ಪುಡಿಯನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಹಣೆಗೆ ಮೂರು ಬೆರಳು ಎಳೆದುಕೊಂಡರು.

"ಅಜ್ಜೀ, ಮುಟ್ಟಬಾರದು! ಪುರಾತನ ಸುಣ್ಣ ಅದು!" ಎಂದೆ.

"ಯಾವ್ ಸುಣ್ಣ? ಈಬೂತಿ ಕಣಪ್ಪ ಇದು" ಎಂದರು ಅಜ್ಜಿ. ನನ್ನ ಹಣೆ ನೋಡಿದರು. "ನೀವೂ ಅಚ್ಕಂಡಿದ್ದೀರಲ್ಲ."

ನನ್ನ ಕೈ ತಾನಾಗಿ ಹಣೆಗೆ ಹೋಯಿತು. ದಿನಾ ಬೆಳಿಗ್ಗೆ ವಿಭೂತಿ ಧರಿಸುವವನು ನಾನು. ನಮ್ಮ ತಾತನನ್ನು ಸಮಾಧಿ ಮಾಡುವಾಗ ಗುಂಡಿಗೆ ವಿಭೂತಿಗಟ್ಟಿಗಳನ್ನು ಇದೇ ಕೈಯಿಂದ ಇಳಿಸಿದವನೂ ನಾನೇ.

ಅಜ್ಜಿ ಮೂಳೆಯ ಗಂಟನ್ನು ಮುಟ್ಟಿದರು. "ಎಲ್ ಸಿಕ್ತು ಇದು? ಆ ದಿಬ್ಬದೊಲದಲ್ಲಾ? ಅದು ಮಠದ ಒಲ. ನಮ್ ಮಠದಾನೆ ಇದು. ನೀರಿಗೋದಾಗ ಮೆಟ್ಲಲ್ಲಿ ಜಾರಿ ಬಿದ್ದು ಕಾಲು ಕುಂಟಾಗಿತ್ತು. ಸತ್ತಾಗ ನಾನು ಇಷ್ಟುದ್ದ ಉಡುಗಿ. ಅಯ್ಯನೋರ್ನ ಹೂಳಿದಂಗೇ ಈಬೂತಿ ಆಕಿ ಸಮಾಧಿ ಮಾಡುದ್ರು. ದಿನಾ ಬೆಲ್ಲ ತಿನ್ಸ್ತಿದ್ದೆ ನಾನು." ಆಮೇಲೆ ಸೆರಗಿನಿಂದ ಮೂಳೆಯ ಮೇಲಿನ ಧೂಳು ಒರೆಸತೊಡಗಿದರು.

ಇನ್‌ಸ್ಪೆಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಪೆನ್ನಿನ ಮುಚ್ಚಳ ಇನ್ನೂ ತೆರೆದೇ ಇತ್ತು. "ಮುದುಕಿಗೆ ಅರುಳೋ ಮರುಳೋ. ಇದು ಅವರ ಆನೆ ಅಲ್ಲ ಅಂತ ಒಂದು ಮಾತು ಹೇಳಿ ಕಳಿಸಿ. ಸಹಿ ಹಾಕ್ತೀನಿ" ಎಂದರು ಮೆತ್ತಗೆ.

ನಾನು ಅಜ್ಜಿಯ ಹತ್ತಿರ ಹೋದೆ. ಅವರ ಆನೆಯಲ್ಲವೆಂದು ಹೇಳಬೇಕೆಂದೇ ಹೋದೆ, ಈಗ ನಿಮ್ಮೆದುರು ಸುಳ್ಳಾಡಿ ಪ್ರಯೋಜನವಿಲ್ಲ. ಆದರೆ ಅವರೇ ಮೊದಲು ಕೇಳಿಬಿಟ್ಟರು: "ನಂಗೆ ವಯಸ್ಸಾಯ್ತು, ತಪ್ಪಿರಬೈದು. ನೀವು ಓದ್ದೋರು. ನೀವು ಅಲ್ಲ ಅಂದ್ರೆ ಅಲ್ಲ ಅಂತ ಒಂಟೋಯ್ತೀನಿ. ಏಳಿ, ಇದು ನಮ್ಮಾನೆ ಅಲ್ವಾ?"

ಲೋಕದಲ್ಲಿ ಅಷ್ಟು ನಂಬಿಕೆಯಿಂದ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ.

"ನಿಮ್ಮಾನೆನೇ ಅಜ್ಜಿ" ಎಂದೆ. ಹಿಂದೆ ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ಹೆಡ್‌ಮಾಸ್ಟರು ಹಣೆ ಹಣೆ ಚಚ್ಚಿಕೊಂಡರು.

ಮರುದಿನ ಅದೇ ಗಾಡಿಯಲ್ಲಿ ಮೂಳೆ ವಾಪಸು ಹೋಯಿತು. ತೆಗೆದವರೇ ಹೂಳಬೇಕೆಂದು ಅಜ್ಜಿ ಹಟ ಹಿಡಿದರು. ಕೋಟು ಬಿಚ್ಚಿಟ್ಟು ಗುಂಡಿಗಿಳಿದೆ. ರೈತರು ಹಗೇವಿಗೆ ಬೇರೆ ಜಾಗ ಗುರುತು ಮಾಡಿಕೊಂಡು, "ಇಲ್ಲಿ ಯಾರೂ ಮಲಗಿಲ್ಲ ತಾನೇ ಅಜ್ಜೀ?" ಎಂದು ಮೂರು ಸಲ ಕೇಳಿದರು. ಮನೆಗೆ ಬಂದು, ಮಣ್ಣು ಮಾಡಿ ಬಂದವರು ಮಾಡುವಂತೆ ತಲೆಗೆ ನೀರು ಹಾಕಿಕೊಂಡೆ.

ತಿಂಗಳೊಳಗೆ ಕೋಟೆಯ ಆರ್ಡರು ಬಂತು. ಹೆಂಡತಿ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ತನ್ನ ಸೀರೆಗಳನ್ನೂ ನನ್ನ ಟ್ರಂಕಿಗೇ ತುಂಬಿದಳು. ನಾನು ಏನೂ ಕೇಳಲಿಲ್ಲ, ಕೇಳಿದರೆ ಮನಸ್ಸು ಬದಲಾಯಿಸಿಯಾಳೆಂದು. ಬಸ್ಸು ಹೊರಡುವ ಹೊತ್ತಿಗೆ ಅಜ್ಜಿ ಬುತ್ತಿ ಕಟ್ಟಿಕೊಂಡು ಬಂದರು. ಎಲ್ಲಿಗೆ ಹಾಕಿದ್ದಾರೆಂದು ಕೇಳಿದರು. ಹೇಳಿದೆ. ಏಕೆ ಹಾಕಿದರೆಂದು ಹೇಳಲಿಲ್ಲ.

ಆಮೇಲೆ ಬುತ್ತಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಕಿಟಕಿಯ ಸರಳು ಹಿಡಿದು ಅಂದರು: "ಅಲ್ಲಿ ಆನೆಗೋಳು ಓಡಾಡ್ಕಂಡವೆ ಕಣಪ್ಪ. ಅಗೀಬ್ಯಾಡಿ. ಸುಮ್ಕೆ ನಿಂತ್ಕಂಡು ನೋಡಿ."