ಚಮಚದಲ್ಲಿ ಮುದ್ದೆ ತಿಂದ ಟರ್ನರ್

ಕೊರೊನಾ ಕಾಟ ಮುಗಿದು ಕಾರ್ಖಾನೆಗಳು ಮತ್ತೆ ಪೂರ್ತಿ ಶಿಫ್ಟುಗಳಲ್ಲಿ ಓಡತೊಡಗಿದ್ದ ವರ್ಷ. ನಾನಾಗ ಸೋಂಪುರ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಪ್ರೊಸೆಸ್ ಎಂಜಿನಿಯರಿಂಗ್ ಮ್ಯಾನೇಜರ್ ಆಗಿದ್ದೆ. ಯಾವ ಭಾಗವನ್ನು ಯಾವ ಮೆಷಿನ್ನಿನಲ್ಲಿ, ಯಾವ ಟೂಲಿನಿಂದ, ಎಷ್ಟು ವೇಗದಲ್ಲಿ ಕತ್ತರಿಸಬೇಕು ಎಂದು ತೀರ್ಮಾನಿಸುವ ಕೆಲಸ. ಕುರ್ಚಿಯಲ್ಲಿ ಕೂತೇ ಮಾಡಬಹುದು. ಆದರೆ ನನಗೆ ಕೂರಲು ಬರುವುದಿಲ್ಲ. "ಇವಳ ಕಾಲಲ್ಲಿ ಚಕ್ರ ಇದೆ" ಎಂದು ನಮ್ಮತ್ತೆ ಮದುವೆಯಾದ ವಾರದಲ್ಲೇ ಹೇಳಿದ್ದರು. ನಿವೃತ್ತಿಯಾದರೂ ಆ ಚಕ್ರ ನಿಂತಿಲ್ಲ.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಗಂಗರಾಜು ಚಮಚದಲ್ಲಿ ಮುದ್ದೆ ತಿನ್ನುವುದನ್ನು ಕಂಡೆ. ಗಂಗರಾಜು ನಮ್ಮ ಸಿಎನ್‌ಸಿ ಲೇತಿನ, ಅಂದರೆ ಉಕ್ಕನ್ನು ತಿರುಗಿಸಿ ಕಡೆಯುವ ಕಂಪ್ಯೂಟರ್ ಮೆಷಿನ್ನಿನ, ಹಿರಿಯ ಟರ್ನರ್. ದಾಬಸ್‌ಪೇಟೆ ಪಕ್ಕದ ಹಳ್ಳಿಯವನು, ಮನೆಯಲ್ಲಿ ಹಸು, ಒಂದಿಷ್ಟು ರಾಗಿ ಹೊಲ. ಅಂಥವನು ಮುದ್ದೆಯನ್ನು ಚಮಚದಲ್ಲಿ ಕುಯ್ದು ತಿನ್ನುವುದೆಂದರೆ! ಅಕ್ಕಪಕ್ಕದವರು ಆಗಲೇ ಅವನನ್ನು ಗೋಳು ಹುಯ್ದುಕೊಳ್ಳುತ್ತಿದ್ದರು.

"ಏನ್ ಗುರು, ಸ್ಟಾರ್ ಹೋಟ್ಲಲ್ಲಿ ಕೂತಂಗೆ ಕೂತಿದ್ದೀಯಾ?"

ಅವನು ನಕ್ಕು ಇನ್ನೊಂದು ಚೂರು ಕುಯ್ದ. ನಾನು ಎದುರಿಗೆ ಹೋಗಿ ಕೂತು "ಕೈ ತೋರ್ಸು" ಎಂದೆ. ಮೇಜಿನ ಕೆಳಗೆ ಬಚ್ಚಿಟ್ಟುಕೊಂಡ. ಗದರಿದ ಮೇಲೆ ಚಾಚಿದ. ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು, ಗೆಣ್ಣುಗಳೆಲ್ಲ ಸೀಳಿದ್ದವು.

"ಸಾರು ತಗಲಿದ್ರೆ ಜೀವ ಹೋಗ್ತದೆ ಮೇಡಂ. ಹಾಲು ಕರೆಯೋಕೂ ಆಯ್ತಿಲ್ಲ. ಕೈ ಒರಟಾಗ್ಬಿಟ್ಟೈತೆ, ಹಸು ಒದೀತದೆ."

ಇದು ಕೂಲಂಟ್ ಮಾಡಿದ ಕೆಲಸ. ಉಕ್ಕನ್ನು ಕತ್ತರಿಸುವಾಗ ಹುಟ್ಟುವ ಬಿಸಿ ತಗ್ಗಿಸಲು ಟೂಲಿನ ಮೇಲೆ ನೀರು, ಎಣ್ಣೆ, ರಾಸಾಯನಿಕ ಬೆರೆತ ಹಾಲಿನಂಥ ದ್ರವವನ್ನು ಧಾರಾಕಾರವಾಗಿ ಸುರಿಸುತ್ತಾರೆ. ಅದೇ ಕೂಲಂಟ್. ಭಾನುವಾರ ಮೆಷಿನ್ ನಿಂತರೆ ತೊಟ್ಟಿಯಲ್ಲಿ ಹಳಸಿ, ಸೋಮವಾರ ಬೆಳಿಗ್ಗೆ ಶೆಡ್ಡಿನೊಳಗೆ ಕೊಳೆತ ಮೊಟ್ಟೆಯ ನಾತ. ಹಳೆಯದನ್ನು ಹೊರಗೆ ಚೆಲ್ಲುವಂತಿಲ್ಲ, ಮಣ್ಣಿಗೂ ವಿಷ, ನೀರಿಗೂ ವಿಷ. ಕೆಲವರ ಚರ್ಮಕ್ಕೆ ಅದು ಆಗಿಬರುವುದೇ ಇಲ್ಲ. ಗ್ಲೌಸ್ ಹಾಕೋಣವೆಂದರೆ ತಿರುಗುವ ಮೆಷಿನ್ ಮುಂದೆ ಅದು ನಿಷಿದ್ಧ, ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಕಾರ್ಖಾನೆಯ ಡಾಕ್ಟರು ಅವನಿಗಾಗಲೇ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ಕೂಲಂಟಿನಿಂದ ದೂರ ಇರಬೇಕು, ಇಲ್ಲವಾದರೆ ವಾಸಿಯಾಗುವ ಮಾತೇ ಇಲ್ಲ. ದೂರ ಎಂದರೆ ಪ್ಯಾಕಿಂಗ್ ವಿಭಾಗ, ರಟ್ಟಿನ ಡಬ್ಬಿಗೆ ಟೇಪು ಅಂಟಿಸುವ ಕೆಲಸ. ಇಪ್ಪತ್ತು ವರ್ಷ ಲೇತು ನಡೆಸಿದವನಿಗೆ!

"ಅಲ್ಲಿಗೆ ಹಾಕ್ಬೇಡಿ ಮೇಡಂ. ಊರಲ್ಲಿ ನನ್ನನ್ನ ಟರ್ನರ್ ಗಂಗಣ್ಣ ಅಂತಲೇ ಕರೆಯೋದು."

ಆ ಮಾತು ಕೇಳಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಂಕ್ಯೂಎಲ್ ಎಂಬ ವಿಧಾನ ನನ್ನ ತಲೆಯಲ್ಲಿ ಬಹಳ ದಿನದಿಂದ ಕೊರೆಯುತ್ತಿತ್ತು. ಕೂಲಂಟ್ ಸುರಿಸುವ ಬದಲು ಸಸ್ಯಜನ್ಯ ಎಣ್ಣೆಯನ್ನು ಗಾಳಿಯ ಜೊತೆ ಮಂಜಿನಂತೆ ಟೂಲಿನ ತುದಿಗಷ್ಟೇ ಊದುವುದು. ಇಡೀ ಗಂಟೆಗೆ ಸಣ್ಣ ಕಾಫಿ ಲೋಟದಷ್ಟು ಎಣ್ಣೆಯೂ ಖರ್ಚಾಗುವುದಿಲ್ಲ. ತೊಟ್ಟಿ ಬೇಡ, ನಾತವಿಲ್ಲ, ಕೈ ಒದ್ದೆಯಾಗುವುದಿಲ್ಲ. ಪ್ಲಾಂಟ್ ಹೆಡ್ ಪ್ರಭಾಕರ್ ಅವರ ಕೋಣೆಗೆ ನುಗ್ಗಿ ಗಂಗರಾಜುವಿನ ಲೇತಿನಲ್ಲೇ ಟ್ರಯಲ್ ಮಾಡುತ್ತೇನೆಂದೆ. ಅವರು ಕೆಟ್ಟವರಲ್ಲ, ಆದರೆ ಅವರ ತಲೆಯ ಮೇಲೂ ಗಿರಾಕಿಗಳ ಕತ್ತಿ.

"ಮುಂದಿನ ಶನಿವಾರದ ತನಕ ನೋಡಿ ಮೇಡಂ. ಆಗ್ಲಿಲ್ಲ ಅಂದ್ರೆ ಹಳೇ ಕೂಲಂಟು, ಗಂಗರಾಜು ಪ್ಯಾಕಿಂಗಿಗೆ. ಮತ್ತೆ ನನ್ ಹತ್ರ ಜಗಳಕ್ಕೆ ಬರ್ಬಾರ್ದು."

ಎಣ್ಣೆ ಊದುವ ನಾಝಲ್ ಕೂರಿಸಿ ಆಪರೇಟರುಗಳನ್ನೆಲ್ಲ ಕರೆದು ಒಂದೇ ಕಟ್ಟಪ್ಪಣೆ ಮಾಡಿದೆ: ಈ ಮೆಷಿನ್ ಹತ್ತಿರ ಒಂದು ಹನಿ ನೀರೂ ಬರಕೂಡದು. ಮೊದಲ ಭಾಗ ಕತ್ತರಿಸಿದಾಗ ಉಕ್ಕಿನ ಸಿಪ್ಪೆಯಂಥ ನೀಲಿ ಬಣ್ಣದ ಬಿಸಿ ಚಿಪ್ಪುಗಳು ಉದುರಿದವು, ತೆಳ್ಳಗೆ ಹೊಗೆ ಎದ್ದಿತು, ಶೆಡ್ಡಿನ ತುಂಬ ಕರಿದೆಣ್ಣೆಯ ಘಮ. "ಬೋಂಡಾ ಯಾವಾಗ ಕೊಡ್ತೀರಾ ಮೇಡಂ?" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಗಂಗರಾಜು ಮಾತ್ರ ನಗಲಿಲ್ಲ, ಹೊಗೆಯನ್ನೇ ನೋಡುತ್ತ ನಿಂತಿದ್ದ.

ಮರುದಿನದಿಂದ ಶುರುವಾಯಿತು ಗ್ರಹಚಾರ. ಟೂಲಿನ ತುದಿಯಲ್ಲಿ ಇನ್ಸರ್ಟ್ ಎಂಬ ಉಗುರಿನಷ್ಟು ದೊಡ್ಡ, ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತುವಿನ ತುಂಡು ಇರುತ್ತದೆ, ನಿಜವಾಗಿ ಉಕ್ಕನ್ನು ಕತ್ತರಿಸುವುದು ಅದೇ. ಅದು ಪಟಪಟನೆ ಒಡೆಯತೊಡಗಿತು. ಗಾಳಿಯ ಒತ್ತಡ ಹೆಚ್ಚಿಸಿದೆ, ಎಣ್ಣೆ ಹೆಚ್ಚಿಸಿದೆ, ನಾಝಲ್ಲಿನ ಕೋನ ಬದಲಿಸಿದೆ, ವೇಗ ಇಳಿಸಿದೆ. ಆದರೂ ಒಡೆಯುವುದು ನಿಲ್ಲಲಿಲ್ಲ. ಸೋಜಿಗವೆಂದರೆ ನಾನು ಎದುರು ನಿಂತಿರುವಷ್ಟು ಹೊತ್ತು ಏನೂ ಆಗದು, ಆ ಕಡೆ ಹೋದರೆ ಫೋನು: "ಮೇಡಂ, ಮತ್ತೆ ಹೋಯ್ತು." ಯಾರೋ ಮೆಷಿನ್ನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ನನಗೆ ಮೈ ಉರಿಯಿತು, ಆದರೂ ಬಿಚ್ಚಿಸಲಿಲ್ಲ. ಅಷ್ಟು ಸೋತಿದ್ದೆ. ಮನೆಯಲ್ಲಿ ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ, ಗಂಡನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಶುಕ್ರವಾರ ಬಂತು. ಬೆಳಗಿನ ಪೂಜೆಗೆ ಎಲ್ಲ ಮೆಷಿನ್ನುಗಳಿಗೂ ಕುಂಕುಮ, ಊದುಬತ್ತಿ. ಮಧ್ಯಾಹ್ನ ಊಟಕ್ಕೆ ಹೋದವಳು ಎರಡು ತುತ್ತು ತಿಂದು ತಟ್ಟೆ ಬಿಟ್ಟು ಎದ್ದೆ. ನಾನಿಲ್ಲದಾಗ ಏನಾಗುತ್ತದೋ ನೋಡೋಣವೆಂದು ಹಿಂದಿನ ಬಾಗಿಲಿನಿಂದ ಶೆಡ್ಡಿಗೆ ಬಂದೆ. ಗಂಗರಾಜು ಲೇತಿನ ಬಾಗಿಲು ತೆರೆದು, ಮುಗಿದ ಭಾಗವನ್ನು ಹೊರಗಿಟ್ಟ. ಆಮೇಲೆ ಜೇಬಿನಿಂದ ಕುಡಿಯುವ ನೀರಿನ ಬಾಟಲಿ ತೆಗೆದ. ಮುಚ್ಚಳಕ್ಕೆ ತೂತು ಮಾಡಿದ್ದ. ಬಿಸಿ ಟೂಲಿನ ಮೇಲೆ ಚುರ್ ಎಂದು ನೀರು ಬಿಟ್ಟ.

"ಲೇ ಗಂಗರಾಜು!"

ಬಾಟಲಿ ಕೈಜಾರಿ ಬಿತ್ತು. ಯಾರ ಕೈಗೋಸ್ಕರ ನಾನು ಊಟ ನಿದ್ದೆ ಬಿಟ್ಟು ಕುಣಿಯುತ್ತಿದ್ದೆನೋ ಅವನೇ ಇನ್ಸರ್ಟುಗಳನ್ನು ಒಡೆಯುತ್ತಿದ್ದ.

"ಒಂದು ಹನಿ ನೀರು ಬೇಡ ಅಂದಿದ್ನೋ ಇಲ್ವೋ?"

ಅವನ ಕಣ್ಣು ತುಂಬಿಬಂದಿತ್ತು. "ಹೊಗೆ ಬತ್ತಾ ಐತೆ ಮೇಡಂ. ದುಡಿದ ಎತ್ತಿಗೆ ನೀರು ತೋರಿಸ್ದೆ ಇರ್ತೀವಾ? ನನ್ ಕೈ ಉಳಿಸೋಕೆ ಹೋಗಿ ಈ ಮೆಷಿನ್ ಸುಟ್ಟೋದ್ರೆ ನಾನ್ ಹೆಂಗ್ ಮುಖ ತೋರಿಸ್ಲಿ?"

ನನ್ನ ಸಿಟ್ಟು ಜರ್ರನೆ ಇಳಿದುಹೋಯಿತು. ನೀರು ಬೇಡ ಎಂದು ನಾನು ಅಪ್ಪಣೆ ಮಾಡಿದ್ದೆ, ಯಾಕೆ ಬೇಡ ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬಿಸಿಯಾದದ್ದಕ್ಕೆ ನೀರು ಎಂಬುದು ಅವರ ಕೈಗೆ ಹುಟ್ಟಿನಿಂದ ಬಂದ ಬುದ್ಧಿ.

"ಉರಿಯೋ ಲಾಟೀನಿನ ಗಾಜಿಗೆ ನೀರು ಚಿಮುಕ್ಸಿದ್ರೆ ಏನಾಗುತ್ತೆ?" ಎಂದು ಕೇಳಿದೆ.

"ಸೀಳ್ಬಿಡ್ತದೆ."

"ಈ ಇನ್ಸರ್ಟೂ ಅಷ್ಟೇ ಕಣಪ್ಪಾ."

ಬಿಸಿಯಾದ ಕಾರ್ಬೈಡಿಗೆ ತಟ್ಟನೆ ತಣ್ಣೀರು ತಗುಲಿದರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಮುಂದಿನ ಭಾಗ ಕತ್ತರಿಸುವಾಗ ಚೂರಾಗುತ್ತದೆ. ಹೊಗೆ ಎಣ್ಣೆಯದು, ಮೆಷಿನ್ನಿನದಲ್ಲ. ಬಿಸಿಯ ಬಹುಪಾಲು ಆ ನೀಲಿ ಚಿಪ್ಪಿನ ಜೊತೆಯೇ ಹೊರಟುಹೋಗುತ್ತದೆ. ಆಗತಾನೇ ಕತ್ತರಿಸಿಟ್ಟ ಭಾಗವನ್ನು ಮುಟ್ಟಿ ನೋಡು ಎಂದೆ. ಅಂಜುತ್ತ ಮುಟ್ಟಿದ. ಕಾಫಿ ಲೋಟದಷ್ಟೇ ಬಿಸಿ. "ಅಯ್ಯೋ, ಇಷ್ಟೇನಾ!" ಎಂದ. ಆದರೆ ಅವನ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತಿತ್ತು, ನನ್ನ ಕಾಲಿನಂತೆಯೇ. ಗಾಳಿ ಊದುವ ಏರ್ ಗನ್ ತಂದು ಕೊಟ್ಟೆ. "ಪ್ರತಿ ಸಲ ಬಾಗಿಲು ತೆಗೆದಾಗ ಟೂಲಿಗೆ ಗಾಳಿ ಹಾಕು. ಎತ್ತಿಗೆ ಬೀಸಣಿಗೆ ಅಂದ್ಕೋ."

ಶನಿವಾರ ಇಡೀ ಶಿಫ್ಟು ಒಂದೇ ಒಂದು ಇನ್ಸರ್ಟ್ ಒಡೆಯಲಿಲ್ಲ. ಪ್ರಭಾಕರ್ ಎರಡು ಸಲ ಬಂದು ನಿಂತು ನೋಡಿ, "ಇಟ್ಕೊಳ್ಳಿ ನಿಮ್ ಬೋಂಡಾ ಮೆಷಿನ್ನ" ಎಂದು ಹೋದರು. ಎಲ್ಲ ಮೆಷಿನ್ನಿಗೂ ಇದು ಒಗ್ಗಲಿಲ್ಲವೆನ್ನಿ. ಆಳವಾಗಿ ರಂಧ್ರ ಕೊರೆಯುವ ಮೆಷಿನ್ನಿನಲ್ಲಿ ಚಿಪ್ಪುಗಳು ಸಿಕ್ಕಿಕೊಂಡು ನಾವು ಸೋತೆವು. ಅಲ್ಲಿ ನಾನು ನಿವೃತ್ತಳಾಗುವವರೆಗೂ ಕೂಲಂಟೇ ಹರಿಯುತ್ತಿತ್ತು. ಆ ಸಂಕಟ ಇನ್ನೂ ನನ್ನನ್ನು ಬಿಟ್ಟಿಲ್ಲ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಒಬ್ಬನ ಕೈಯಿಂದ ಹಳೆಯ ಅಭ್ಯಾಸ ಬಿಡಿಸಬೇಕಾದರೆ ಬರೀ ಬೇಡ ಎಂದರೆ ಸಾಲದು. ಕಾರಣವನ್ನು ತಲೆಗೆ ಹೇಳಬೇಕು, ಕೈಗೆ ಬೇರೊಂದು ಕೆಲಸ ಕೊಡಬೇಕು. ಅವನು ತಪ್ಪು ಮಾಡಿದ್ದು ಉಡಾಫೆಯಿಂದಲ್ಲ, ಅಕ್ಕರೆಯಿಂದ. ಅಕ್ಕರೆಯ ತಪ್ಪನ್ನು ಗದರಿಸಿ ತಿದ್ದಲಾಗುವುದಿಲ್ಲ.

ಗಾಯ ಮಾಯಲು ತಿಂಗಳುಗಳೇ ಬೇಕಾದವು. ಆಮೇಲೊಂದು ದಿನ ಕ್ಯಾಂಟೀನಿನಲ್ಲಿ ಗಂಗರಾಜುವಿನ ಎದುರು ಕೂತೆ. ತಟ್ಟೆಯಲ್ಲಿ ಮುದ್ದೆ, ಹುರುಳಿ ಸಾರು, ಪಕ್ಕದಲ್ಲಿ ಚಮಚ. ಅವನು ಚಮಚವನ್ನು ಆ ಕಡೆ ಸರಿಸಿದ. ಬೆರಳಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಗೆಣ್ಣಿನವರೆಗೂ ಅದ್ದಿ, ನುಂಗಿದ. ಕಣ್ಣಲ್ಲಿ ನೀರು ಬಂತು.

ನಾನು ಗಾಬರಿಯಾಗಿ, "ಕೈ ಉರಿಯುತ್ತೇನೋ?" ಎಂದೆ.

"ಬಾಯಿ ಮೇಡಂ" ಎಂದ ಗಂಗರಾಜು, ಇನ್ನೊಂದು ತುತ್ತು ಮುರಿಯುತ್ತ. "ಸಾರಿಗೆ ಖಾರ ಜಾಸ್ತಿ ಹಾಕವ್ರೆ."